ಕಲ್ಲಿದ್ದಲು ಸ್ಥಾವರ ಬಂದರೆ: ಮಳೆಗಾಲದ ಲೆಕ್ಕ ಯಾರು ಕೊಡ್ತಾರೆ?

ಕಾರ್ಯದರ್ಶಿ: ನಮಸ್ಕಾರ. ಕುಮಟಾ ಸುತ್ತ ಕಲ್ಲಿದ್ದಲು ಸ್ಥಾವರ ಬಂದರೆ ಲಾಭವೋ ನಷ್ಟವೋ ಅಂತ ಚರ್ಚೆ ಶುರುವಾಗಿದೆ. ಘೋಷಣೆ ಬೇಡ, ಲೆಕ್ಕ ಹಾಕಿ. 1,000 ಮೆಗಾವ್ಯಾಟ್ ಅಂತ ಇಟ್ಟುಕೊಳ್ಳೋಣ. ಇಲ್ಲೇ ಹತ್ತಿರದ ತದಡಿಗೆ ಹಿಂದೆ ಹೊರಟಿದ್ದ ಯೋಜನೆ 4,000 ಮೆಗಾವ್ಯಾಟಿನದ್ದು.

ಭಟ್ಟರು, 2ನೇ ಕ್ರಾಸ್: 85% ಸಾಮರ್ಥ್ಯದಲ್ಲಿ ಓಡಿದರೆ ದಿನಕ್ಕೆ ಸುಮಾರು 2 ಕೋಟಿ ಯೂನಿಟ್. ನಮ್ಮ ದೇಶದ ಕಲ್ಲಿದ್ದಲು ಯೂನಿಟ್ಟಿಗೆ ಹತ್ತಿರ ಹತ್ತಿರ 0.7 ಕೆ.ಜಿ. ಬೇಕು. ಅಂದರೆ ದಿನಕ್ಕೆ 14,000 ಟನ್, ಸುಮಾರು ನಾಲ್ಕು ರೇಕ್, ಅಂದರೆ ನಾಲ್ಕು ಪೂರ್ತಿ ಗೂಡ್ಸ್ ರೈಲು. ಖಾಲಿ ರೇಕ್ ವಾಪಸ್ ಹೋಗಬೇಕು, ನಮ್ಮ ಕೊಂಕಣ ರೈಲು ಮಾರ್ಗವೋ ಒಂಟಿ ಹಳಿ. ಬೂದಿ 35% ಹಿಡಿದರೂ ದಿನಕ್ಕೆ 4,900 ಟನ್. ಆಮದು ಕಲ್ಲಿದ್ದಲಾದರೆ ಬೂದಿ ಸಾವಿರ ಟನ್ನಿನ ಆಸುಪಾಸಿಗೆ ಇಳಿಯುತ್ತದೆ, ಆದರೆ ವಿದ್ಯುತ್ ದರ ಡಾಲರ್ ಜೊತೆ ಏರಿಳಿಯುತ್ತದೆ.

ನಾಯ್ಕರು, ಸ್ಟೇಷನ್ ರಸ್ತೆ: ಭಟ್ರೇ, ಲಾಭದ ಕಡೆಯೂ ಬರೀರಿ. ಸೂರ್ಯ ಮುಳುಗಿದ ಮೇಲೆ ಸೌರ ವಿದ್ಯುತ್ ಇಲ್ಲ, ಮಳೆ ಕೈಕೊಟ್ಟ ವರ್ಷ ಶರಾವತಿ, ಕಾಳಿ ಜಲಾಶಯಗಳೂ ಬರಿದಾಗ್ತವೆ. ಆಗ ಕಲ್ಲಿದ್ದಲೇ ಗತಿ.

ಭಟ್ಟರು: ರಾಜ್ಯದ ಗ್ರಿಡ್ಡಿಗೆ ಅದು ಖರೆ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗೋದು ಉತ್ಪಾದನೆ ಸಾಲದೆ ಅಲ್ಲ, 11 ಕೆ.ವಿ. ಲೈನ್ ಮೇಲೆ ಮರ ಬಿದ್ದು. 880 ಮೆಗಾವ್ಯಾಟಿನ ಕೈಗಾ ಜಿಲ್ಲೆಯೊಳಗೇ ಇದ್ದರೂ ಅದು ತಪ್ಪಿಲ್ಲ. ಕೆಲಸದ ಮಾತಿಗೆ ಬಂದರೆ, ಕಟ್ಟುವಾಗ ಸಾವಿರಾರು ಜನ, ಓಡುವಾಗ ಕೆಲವು ನೂರು, ಅದರಲ್ಲೂ ಐ.ಟಿ.ಐ., ಡಿಪ್ಲೊಮಾ ಆದವರಿಗೆ.

ಶಾನಭಾಗ್ ಅಕ್ಕ, ಸಿವಿಲ್ ಎಂಜಿನಿಯರ್: ನನ್ನ ಚಿಂತೆ ಬೂದಿ ಹೊಂಡದ್ದು. 100 ಹೆಕ್ಟೇರ್ ಹೊಂಡದ ಮೇಲೆ ಒಂದೇ ದಿನ 100 ಮಿ.ಮೀ. ಮಳೆ ಬಿದ್ದರೆ ಒಂದು ಲಕ್ಷ ಘನಮೀಟರ್ ನೀರು. ಅದು ಬೂದಿ ಮೇಲೆ ನಿಂತು ಏರಿಗೆ ಒತ್ತಡ ಕೊಡುತ್ತದೆ. ಕೋಡಿ ಸಣ್ಣದಾದರೆ ನೀರು ಏರಿಯ ಮೇಲೇ ಹರಿದು, ಕೊರೆದು, ಬೂದಿ ಗದ್ದೆಗೆ ಇಳಿಯುತ್ತದೆ. ಹೊಂಡದ ತಳಕ್ಕೆ ಪ್ಲಾಸ್ಟಿಕ್ ಹಾಳೆಯ ಹೊದಿಕೆ ಇಲ್ಲದಿದ್ದರೆ ಚಿರೇಕಲ್ಲಿನ ಸಂದಿಯಲ್ಲಿ ಜಿನುಗಿ ಬಾವಿ ಸೇರುತ್ತದೆ. ಬೂದಿ ಪೂರ್ತಿ ಬಳಕೆಯಾಗಬೇಕು ಅಂತ 2021ರ ಅಧಿಸೂಚನೆ ಇದೆ, ನಿಜ. ಆದರೆ ಮಳೆಗಾಲದಲ್ಲಿ ಇಟ್ಟಿಗೆ ಕೆಲಸ ನಿಲ್ಲುತ್ತದೆ, ದೊಡ್ಡ ಸಿಮೆಂಟ್ ಕಾರ್ಖಾನೆಗಳಿರೋದು ಘಟ್ಟದ ಮೇಲೆ, ದೂರ. ಆ ತಿಂಗಳುಗಳ ಬೂದಿ ಎಲ್ಲಿಗೆ ಅಂತ ಬರವಣಿಗೆಯಲ್ಲೇ ಕೇಳಬೇಕು.

ಅಂಬಿಗರು, ಹೊಳೆಗದ್ದೆ: ಸ್ಥಾವರ ತಣಿಸಲು ಸಮುದ್ರದ ನೀರನ್ನು ಒಮ್ಮೆ ಹಾಯಿಸಿ ಬಿಡುವ ಪದ್ಧತಿಯಾದರೆ ಗಂಟೆಗೆ ಲಕ್ಷ ಘನಮೀಟರಿಗೂ ಮೇಲೆ ಬೇಕು. ಜಾಲರಿಯಲ್ಲಿ ಮೀನಿನ ಮೊಟ್ಟೆ, ಸಿಗಡಿ ಮರಿ ನಿಲ್ಲೋದಿಲ್ಲ, ಒಳಗೇ ಹೋಗ್ತವೆ. ಹೊರಬರುವ ನೀರು ಒಳಹೋದ ನೀರಿಗಿಂತ 7 ಡಿಗ್ರಿವರೆಗೆ ಹೆಚ್ಚು ಬಿಸಿ ಇರಬಹುದು. ಅಳಿವೆಯ ಬಳಚು (ಚಿಪ್ಪಿನ ಮೀನು) ಓಡಿಹೋಗುವ ಜೀವ ಅಲ್ಲ. ಅಘನಾಶಿನಿ ಅಳಿವೆ 2024ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಇದನ್ನೂ ನಾವು ಕೊಡುವ ಅರ್ಜಿಯಲ್ಲಿ ಸೇರಿಸಿ.

ನಾಯ್ಕರು: ಕೂಲಿಂಗ್ ಟವರ್ ಹಾಕಿಸಿದರೆ?

ಭಟ್ಟರು: ಅದೇ ನೀರನ್ನು ತಣಿಸಿ ಮತ್ತೆ ಬಳಸೋದರಿಂದ ನೀರು ಬಹಳ ಕಡಿಮೆ ಸಾಕು. ಆದರೆ ಉಪ್ಪುನೀರಿನ ಟವರಿನಿಂದ ಉಪ್ಪಿನ ಹನಿ ಹಾರಿ ತೋಟದ ಎಲೆ ಮೇಲೆ ಕೂರುತ್ತದೆ. ಹನಿ ತಡೆಯುವ ಫಲಕದ ಗುಣಮಟ್ಟವನ್ನು ಷರತ್ತಿನಲ್ಲೇ ಬರೆಸಬೇಕು.

ಕಾರ್ಯದರ್ಶಿ: ಹಾಗಾದರೆ ಕೆಲಸ ಹಂಚೋಣ. ಪರಿಸರ ಅಧ್ಯಯನಕ್ಕೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಅಂಕಿಅಂಶ ಸಾಕು ಅಂತಾರೆ. ನಮಗೆ ಮಳೆಗಾಲದ್ದೂ ಬೇಕು, ಮೊದಲ ಬೇಡಿಕೆ ಅದೇ. ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗಬೇಕು. ಅಕ್ಕ ಹೊಂಡದ ಪ್ರಶ್ನೆಗಳನ್ನು ಬರೆದುಕೊಡಲಿ, ಅಂಬಿಗರು ಅಳಿವೆಯದ್ದು. ಮಾತಾಡಿದರಷ್ಟೇ ಸಾಲದು, ಲಿಖಿತ ಪ್ರತಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾವಿ ಇದ್ದವರು ಈಗಲೇ ನೀರು ಪರೀಕ್ಷೆ ಮಾಡಿಸಿ: ಪಿ.ಎಚ್., ಕರಗಿದ ಲವಣ, ಸಲ್ಫೇಟ್, ಬೋರಾನ್, ಆರ್ಸೆನಿಕ್. ವರದಿಯ ಮೇಲೆ ತಾರೀಖು, ಬಾವಿಯ ಸರ್ವೆ ನಂಬರ್ ಎರಡೂ ಇರಲಿ.