ಮುದ್ದೆ ಬಿಟ್ಟು ಕೀಟೋ ಹಿಡಿಯಬೇಕೇ?

ಹುರುಳಿಕಾಳು: ನಮ್ಮ ಮನೆಯಲ್ಲಿ ಎರಡು ಹೊತ್ತು ರಾಗಿಮುದ್ದೆ, ಬಸ್ಸಾರು, ಮಜ್ಜಿಗೆ. ಪ್ಯಾಕೆಟ್ ತಿಂಡಿ ಹೊಸ್ತಿಲು ದಾಟುವುದಿಲ್ಲ. ತಮ್ಮ ಮಾತ್ರ ಕೀಟೋ (ಅನ್ನ, ಮುದ್ದೆ ತೀರಾ ಕಡಿಮೆ ಮಾಡಿ ಕೊಬ್ಬು ಹೆಚ್ಚು ತಿನ್ನುವ ಪಥ್ಯ) ಹಿಡಿದು ಮೊದಲ ವಾರದಲ್ಲೇ ಸಣ್ಣಗಾಗಿದ್ದಾನೆ. ಪನೀರನ್ನು ತುಪ್ಪದಲ್ಲಿ ತೇಲಿಸಿಕೊಂಡು ನನ್ನ ತಟ್ಟೆಯನ್ನು ಮರುಕದಿಂದ ನೋಡುತ್ತಾನೆ! ನನ್ನ ಸಕ್ಕರೆ ಮಟ್ಟ ಅಂಚಿನಲ್ಲಿದೆ ಎಂದಿದ್ದಾರೆ ವೈದ್ಯರು. ಏನು ಮಾಡಲಿ?

ಹಳೇ ತಕ್ಕಡಿ: ಮೊದಲ ವಾರ ಇಳಿಯುವುದು ಬಹುಪಾಲು ನೀರು. ದೇಹ ಕೂಡಿಟ್ಟುಕೊಂಡ ಸಕ್ಕರೆಯಾದ ಗ್ಲೈಕೋಜನ್ ಕರಗುವಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ. ತಮ್ಮನಿಗೆ ಇಷ್ಟು ಬೇಗ ಹಾರ ಹಾಕಬೇಡಿ. ಕೀಟೋದಲ್ಲಿ ದಿನಕ್ಕೆ ಸಾಮಾನ್ಯವಾಗಿ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್ ಮಾತ್ರ. 100 ಗ್ರಾಂ ರಾಗಿ ಹಿಟ್ಟಿನಲ್ಲೇ ಅದು 65 ಗ್ರಾಂ ದಾಟುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಸಾಗುವುದಿಲ್ಲ.

ಸೊಪ್ಪಿನ ಕಟ್ಟು: 1920ರ ದಶಕದಲ್ಲಿ ಈ ಪಥ್ಯ ಶುರುವಾದದ್ದು ಮೂರ್ಛೆರೋಗಕ್ಕೆ, ಮದುವೆಗೆ ಮುನ್ನ ಸೊಂಟ ಇಳಿಸುವುದಕ್ಕಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗಂತೂ ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಹೆಚ್ಚಾಗುವ ಅಪಾಯವಿದೆ. ವೈದ್ಯರನ್ನು ಕೇಳದೆ ಕೈಹಾಕಬಾರದು. ಆದರೆ ಮನೆಯೂಟ ಎಂದ ಮಾತ್ರಕ್ಕೆ ಲೆಕ್ಕವಿಲ್ಲದೆ ತಿನ್ನಬಹುದೆಂದಲ್ಲ. ಮುದ್ದೆ ಅರ್ಧ ಮಾಡಿ, ಕಾಳು ಮತ್ತು ಸೊಪ್ಪಿನ ಪಲ್ಯ ಹೆಚ್ಚಿಸಿ.

ಹುರುಳಿಕಾಳು: ಮಾತ್ರೆ ಇನ್ನೂ ಇಲ್ಲ. ಅರ್ಧ ಮುದ್ದೆ ಸರಿ, ಆದರೆ ಬಡಿಸುವವರು ಅಮ್ಮ. ಅವರನ್ನು ಒಪ್ಪಿಸುವ ಉಪಾಯ ಯಾರಿಗಾದರೂ ಗೊತ್ತೇ?