ಅಪ್‌ಡೇಟ್: ಅಂಗಡಿ ಬೋರ್ಡಿಗೆ ವೇರಿಯನ್ಸ್ (ನಿಯಮದಿಂದ ವಿನಾಯಿತಿ) ಸಿಕ್ಕಿತು

ನ್ಯೂಜೆರ್ಸಿಯ ನಮ್ಮ ತಿಂಡಿ ಹೋಟೆಲಿಗೆ ನಿಯಮಕ್ಕಿಂತ ದೊಡ್ಡ ಬೋರ್ಡ್ ಹಾಕಲು ಟೌನಿನ ಝೋನಿಂಗ್ ಸಮಿತಿ (ಜಾಗ, ಕಟ್ಟಡಗಳ ಬಳಕೆಯ ನಿಯಮ ನೋಡಿಕೊಳ್ಳುವವರು) ಒಪ್ಪುತ್ತದಾ ಅಂತ ಕೇಳಿದ್ದೆ. ಒಪ್ಪಿತು, ಆದರೆ ಕೇಳಿದಷ್ಟು ದೊಡ್ಡದಕ್ಕಲ್ಲ.

ಮೊದಲು ನೋಟಿಸ್. 200 ಅಡಿ ಒಳಗಿನ ಆಸ್ತಿ ಮಾಲೀಕರಿಗೆಲ್ಲ ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ ತಲುಪಿಸಬೇಕು. ಇದರಲ್ಲಿ ಎಡವಟ್ಟಾದರೆ ಸಮಿತಿ ನಿಮ್ಮ ಅರ್ಜಿಯನ್ನು ಕೇಳುವ ಹಾಗೇ ಇಲ್ಲ.

"ಬೋರ್ಡ್ ಕಾಣದಿದ್ದರೆ ವ್ಯಾಪಾರ ಆಗಲ್ಲ" ಅನ್ನೋದು ಅಲ್ಲಿ ನಡೆಯುವುದಿಲ್ಲ. ತೊಂದರೆ ಜಾಗದಲ್ಲೇ ಇರಬೇಕು, ಅಂದರೆ ಅದರ ಆಕಾರ, ಇಳಿಜಾರು, ಕಟ್ಟಡ ಇರುವ ರೀತಿ, ಇಲ್ಲವೇ ವಿನಾಯಿತಿಯಿಂದ ಊರಿಗೆ ಆಗುವ ಒಳ್ಳೆಯದು ಕೆಟ್ಟದ್ದಕ್ಕಿಂತ ಜಾಸ್ತಿ ಅಂತ ತೋರಿಸಬೇಕು. ನಮ್ಮ ಕಟ್ಟಡ ರಸ್ತೆಯಿಂದ ತುಂಬಾ ಹಿಂದಿದೆ, ಪಕ್ಕದ ಗೋಡೆ ಅಡ್ಡ ಬರುತ್ತದೆ. ಡ್ರೈವರ್ ಸೀಟಿನಿಂದ ತೆಗೆದ ಫೋಟೋಗಳನ್ನೇ ಸದಸ್ಯರು ಕೈಯಿಂದ ಕೈಗೆ ದಾಟಿಸಿ ನೋಡಿದರು, ನಮ್ಮ ಪ್ಲಾನರ್ (ಜಾಗ ಬಳಕೆಯ ಯೋಜನೆ ತಜ್ಞ) ಮಾತಿಗಿಂತ ಅವೇ ಕೆಲಸ ಮಾಡಿದವು ಅಂತ ನನಗನ್ನಿಸುತ್ತದೆ.

ಹಿಂದಿನ ಮನೆಯ ಅಜ್ಜಿ ಎದ್ದು, ಬೆಳಕು ಮಲಗುವ ಕೋಣೆಗೆ ಬೀಳುತ್ತದೆ ಅಂದರು. ನ್ಯಾಯವಾದ ಮಾತು, ಅಲ್ವಾ? ಹಾಗಾಗಿ ಅಳತೆ ಇಳಿಸಿ, ಹೋಟೆಲ್ ಮುಚ್ಚಿದ ಮೇಲೆ ದೀಪ ಆರಿಸಬೇಕು ಅಂತ ಷರತ್ತು ಹಾಕಿದರು.

ಕನ್ನಡ ಅಕ್ಷರಕ್ಕೆ ತಕರಾರು ಬರಬಹುದು ಅಂತ ಕೆಲವರು ಹೆದರಿಸಿದ್ದರು. ಯಾರೂ ಆ ಮಾತೇ ಎತ್ತಲಿಲ್ಲ. ಬೋರ್ಡಿನಲ್ಲಿ ಏನು ಬರೆದಿದೆ ಅಂತ ನೋಡಿ ಬೇರೆ ಬೇರೆ ನಿಯಮ ಹಾಕುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲೇ ತುಂಬಾ ಕಷ್ಟ ಮಾಡಿಟ್ಟಿದೆ.

ಈಗ ಲಿಖಿತ ಆದೇಶಕ್ಕೆ ಕಾಯುತ್ತಿದ್ದೇವೆ, 45 ದಿನದೊಳಗೆ ಬರಬೇಕು. ಅದು ಬಂದ ಮೇಲೆ ಪರ್ಮಿಟ್. ಅಲ್ಲಿಯವರೆಗೆ ಬೋರ್ಡ್ ಮಾಡಿಸಲು ಆರ್ಡರ್ ಕೊಡಬೇಡಿ.