ಸ್ನೇಕ್ ಪ್ಲಾಂಟ್‌ನ ಹೊಸ ಮರಿಗಳಲ್ಲಿ ಹಳದಿ ಅಂಚು ಏಕೆ ಬರುತ್ತಿಲ್ಲ?

ಪ್ರಶ್ನೆ (ಡೊಂಬಿವಲಿಯಿಂದ):
ನಮಸ್ಕಾರ. ನಮ್ಮ ನಡುಮನೆಯಲ್ಲಿರುವ ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ತೀರಿಹೋದ ನಮ್ಮ ಅತ್ತೆಯವರು ತಂದಿಟ್ಟದ್ದು. ಅದರ ಮರಿಗಳನ್ನು ನಾದಿನಿಯರಿಗೂ ಕೊಡೋಣವೆಂದು ಕಳೆದ ವರ್ಷ ಒಂದು ಎಲೆಯನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ನೆಟ್ಟೆ. ಮರಿಗಳೇನೋ ಚಿಗುರಿದವು, ಆದರೆ ಒಂದರಲ್ಲೂ ಹಳದಿ ಅಂಚಿಲ್ಲ. ಬೆಳಕು ಸಾಲದಿರಬಹುದೆಂದು ಕಿಟಕಿಯ ಬಳಿ ಇಟ್ಟರೂ, ಗೊಬ್ಬರ ಹಾಕಿದರೂ ಪ್ರಯೋಜನವಾಗಲಿಲ್ಲ. ಸಾಲದ್ದಕ್ಕೆ, ಈ ಮಳೆಗಾಲದಲ್ಲಿ ತಾಯಿಗಿಡದ ಎರಡು ಎಲೆಗಳು ಬುಡದಲ್ಲಿ ಮೆತ್ತಗಾಗಿ ವಾಲಿವೆ. ವಾರಕ್ಕೆ ಎರಡು ಬಾರಿ ನೀರು ಹಾಕುತ್ತೇನೆ. ದಯವಿಟ್ಟು ತಿಳಿಸಿ.

ಉತ್ತರ 1 (ಪುಣೆಯಿಂದ):
ತಪ್ಪು ಬೆಳಕಿನದೂ ಅಲ್ಲ, ಗೊಬ್ಬರದ್ದೂ ಅಲ್ಲ. ನಿಮ್ಮದು ಬಹುಶಃ ‘ಲಾರೆಂಟಿ’ ಎಂಬ ತಳಿ. ಅದರಲ್ಲಿ ಪತ್ರಹರಿತ್ತನ್ನು (ಎಲೆಗೆ ಹಸಿರು ಬಣ್ಣ ಕೊಡುವ ವಸ್ತುವನ್ನು) ತಯಾರಿಸಬಲ್ಲ ಹಸಿರು ಅಂಗಾಂಶವೂ ತಯಾರಿಸಲಾರದ ಹಳದಿ ಅಂಗಾಂಶವೂ ಒಂದೇ ಗಿಡದಲ್ಲಿ ಕೂಡಿ ಬೆಳೆಯುತ್ತವೆ. ಎಲೆಯ ತುಂಡಿನಿಂದ ಹುಟ್ಟುವ ಮೊಳಕೆ ಹಸಿರು ಅಂಗಾಂಶದಿಂದಷ್ಟೇ ಮೂಡುವುದರಿಂದ ಆ ಜೋಡಣೆ ಅಲ್ಲಿಗೆ ಮುರಿದುಹೋಗುತ್ತದೆ. ಆ ಮರಿಗಳಿಗೆ ಮುಂದೆಯೂ ಅಂಚು ಬರುವುದಿಲ್ಲ. ತಾಯಿಗಿಡದ ಬುಡದಲ್ಲಿ, ಮಣ್ಣಿನೊಳಗೆ ಅಡ್ಡಲಾಗಿ ಹರಡುವ ದಪ್ಪ ಕಾಂಡದಿಂದ ಏಳುವ ಮರಿಯಲ್ಲಿ ಮಾತ್ರ ಎರಡೂ ಅಂಗಾಂಶಗಳು ಉಳಿದಿರುತ್ತವೆ. ಅಂಥ ಮರಿಗೆ ತನ್ನದೇ ಬೇರು ಬಂದ ಮೇಲೆ, ಕಾಂಡದ ತುಂಡಿನ ಸಮೇತ ಹರಿತವಾದ ಚಾಕುವಿನಿಂದ ಬೇರ್ಪಡಿಸಿ, ಗಾಯವನ್ನು ಎರಡು ದಿನ ನೆರಳಿನಲ್ಲಿ ಒಣಗಿಸಿ ನೆಡಿ. ಹಸಿರು ಮರಿಗಳನ್ನು ಎಸೆಯಬೇಡಿ. ಮಂದ ಬೆಳಕಿನ ಮೂಲೆಗೆ ಅವೇ ಒಳ್ಳೆಯವು.

ಉತ್ತರ 2 (ಮುಲುಂಡಿನಿಂದ):
ನನಗೆ ಮರಿಗಳಿಗಿಂತ ತಾಯಿಗಿಡದ ಚಿಂತೆ ಹೆಚ್ಚು, ಏಕೆಂದರೆ ನೀವು ಹೇಳುತ್ತಿರುವುದು ಬುಡ ಕೊಳೆಯುತ್ತಿರುವ ಲಕ್ಷಣ. ಪಶ್ಚಿಮ ಆಫ್ರಿಕಾ ಮೂಲದ ಈ ಗಿಡ ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಮುಖ್ಯವಾಗಿ ರಾತ್ರಿಯಲ್ಲಿ ಪತ್ರರಂಧ್ರಗಳನ್ನು (ಎಲೆಯ ಮೇಲಿನ ಸೂಕ್ಷ್ಮ ತೂತುಗಳನ್ನು) ತೆರೆಯುವುದರಿಂದ ಅದರ ನೀರು ಬೇಗ ಖರ್ಚಾಗುವುದೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಕಡೆಯ ಹವೆಯಲ್ಲಿ ಕುಂಡದ ಮಣ್ಣು ಒಣಗುವುದೇ ಕಷ್ಟ. ಹಾಗಿರುವಾಗ ವಾರಕ್ಕೆ ಎರಡು ಬಾರಿ ನೀರು ಅತಿಯಾಯಿತು. ಗಿಡವನ್ನು ಇಂದೇ ಕುಂಡದಿಂದ ಹೊರತೆಗೆದು, ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದ ಬೇರು, ಕಾಂಡಗಳನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ ಒಣಗಲು ಬಿಡಿ. ಬಳಿಕ ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ, ಅರ್ಧದಷ್ಟು ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಬೆರೆಸಿದ ಮಣ್ಣಿನಲ್ಲಿ ನೆಡಿ. ಬೆರಳಿಟ್ಟು ನೋಡಿ, ಆಳದವರೆಗೂ ಒಣಗಿದ್ದರೆ ಮಾತ್ರ ನೀರು ಹಾಕಿ.

ಉತ್ತರ 3 (ಮಡಗಾಂವಿನಿಂದ):
ಮನೆಯಲ್ಲಿ ಬೆಕ್ಕು, ನಾಯಿಗಳಿದ್ದರೆ ಕತ್ತರಿಸಿದ ಚೂರುಗಳನ್ನು ನೆಲದ ಮೇಲೆ ಬಿಡಬೇಡಿ. ಈ ಗಿಡದಲ್ಲಿರುವ ಸಪೋನಿನ್ ಎಂಬ ವಿಷಕಾರಿ ಅಂಶದಿಂದ ಅವುಗಳಿಗೆ ವಾಂತಿ, ಭೇದಿ ಆಗಬಹುದು.

ಪ್ರಶ್ನೆ ಕೇಳಿದವರು:
ನಿಮ್ಮೆಲ್ಲರಿಗೂ ಧನ್ಯವಾದಗಳು. ಗಿಡವನ್ನು ಈಗಷ್ಟೇ ಹೊರತೆಗೆದೆ. ಒಂದು ಬದಿ ಪೂರ್ತಿ ಕೊಳೆತಿದೆ. ಇನ್ನೊಂದು ಬದಿಯ ಕಾಂಡ ಗಟ್ಟಿಯಾಗಿದ್ದು, ಅದರ ತುದಿಯಲ್ಲಿ ಹಳದಿ ಅಂಚಿರುವ ಪುಟ್ಟ ಮರಿಯೊಂದು ಏಳುತ್ತಿದೆ.